ಸೋಮವಾರದ ಮಳೆ

ತೇರಗಾಂವದಲ್ಲಿ ಮಳೆ ಬಂದರೆ ಉಳಿದವರು ಆಕಾಶ ನೋಡುತ್ತಿದ್ದರು, ಈಶಪ್ಪ ಮಾತ್ರ ಗಡಿಯಾರ ನೋಡುತ್ತಿದ್ದ. ಊರ ಹೊರಗಿನ ಬಯಲಲ್ಲಿ, ತಂತಿಬೇಲಿಯ ನಡುವೆ, ಮೊಳಕಾಲೆತ್ತರದ ಒಂದು ತಗಡಿನ ಕೊಳವೆ ನೆಟ್ಟಿತ್ತು. ಮೇಲೆ ಆಲಿಕೆ, ಒಳಗೆ ನೀರು ಕೂಡುವ ಪಾತ್ರೆ. ಸರಕಾರಿ ಕಾಗದದಲ್ಲಿ ಅದರ ಹೆಸರು ಮಳೆಮಾಪಕ, ಊರವರ ಬಾಯಲ್ಲಿ ಮಳಿ ಡಬ್ಬಿ. ಬೆಳಗಿನ ಎಂಟೂವರೆಗೆ ಬೇಲಿಯ ಬೀಗ ತೆಗೆದು, ಕೂಡಿದ ನೀರನ್ನು ಗೆರೆ ಹಾಕಿದ ಗಾಜಿನ ಅಳತೆಗೆ ಸುರಿದು, ಎಷ್ಟು ಮಿಲಿಮೀಟರ್ ಎಂದು ಹಾಳೆಯಲ್ಲಿ ಬರೆದು, ತಿಂಗಳಿಗೊಮ್ಮೆ ಹಾಳೆಯನ್ನು ಮೇಲಿನ ಕಚೇರಿಗೆ ಕಳಿಸುವುದು ಈಶಪ್ಪನ ಕೆಲಸ.

ಸಾವಿರದ ಒಂಬೈನೂರ ಐವತ್ತೇಳರಲ್ಲಿ ಇದನ್ನು ನೆಡಲು ಬಂದ ಅಧಿಕಾರಿ, ಊರಲ್ಲಿ ದುಂಡಗೆ ಬರೆಯುವವರು ಯಾರೆಂದು ಕೇಳಿದ್ದ. ಹತ್ತು ಜನ ಒಟ್ಟಿಗೇ ಈಶಪ್ಪನ ಕಡೆ ಬೆರಳು ತೋರಿಸಿದರು. ಅವನ ಅಕ್ಷರದ ಮೇಲಿನ ಅಭಿಮಾನಕ್ಕಿಂತ, ದಿನಾ ಮಳೆಯಲ್ಲಿ ನೆನೆಯುವ ಈ ಕೆಲಸ ತಮ್ಮ ಕೊರಳಿಗೆ ಬೀಳದಿರಲಿ ಎಂಬ ಎಚ್ಚರವೇ ಅದರಲ್ಲಿ ಹೆಚ್ಚಾಗಿತ್ತು. ಈಶಪ್ಪನಿಗೆ ಅದು ತಿಳಿಯಲಿಲ್ಲ. ತಿಳಿದಿದ್ದರೂ ಒಪ್ಪುತ್ತಿದ್ದ.

ಅವನು ಒಂದು ಜೋಡಿ ಎತ್ತಿನ, ಐದೆಕರೆ ಭತ್ತದ ಗದ್ದೆಯ ಸಾಧಾರಣ ಒಕ್ಕಲಿಗ. ಮಳಿ ಡಬ್ಬಿ ಬಂದ ಮೇಲೆ ಮಾತ್ರ ಸಾಧಾರಣನಾಗಿ ಉಳಿಯಲಿಲ್ಲ. ಬೀಗದ ಕೈ ಉಡದಾರಕ್ಕೆ ಕಟ್ಟಿಕೊಂಡ. ಬೀಗರ ಮನೆಗೆ ಹೋದರೂ ರಾತ್ರಿ ಉಳಿಯದೆ ಬಸ್ಸು ಹಿಡಿದು ಬಂದ. ಬಯಲಿಗೆ ಹೋಗುವಾಗ ಎಷ್ಟೇ ಜಡಿಮಳೆ ಇದ್ದರೂ ಕೊಡೆಯನ್ನು ಬೇಲಿಯ ಹೊರಗೇ ಇಡುತ್ತಿದ್ದ; ಕೊಡೆಯಿಂದ ತೊಟ್ಟಿಕ್ಕಿದ ಹನಿ ಆಲಿಕೆಗೆ ಬಿದ್ದರೆ ಅದು ದೇವರು ಸುರಿಸಿದ ಲೆಕ್ಕಕ್ಕೆ ಸೇರಿಬಿಡುತ್ತದೆ ಎಂದು ಅವನ ಭಯ. ತೊಪ್ಪೆಯಾಗಿ ಮನೆಗೆ ಬಂದವನನ್ನು ನೋಡಿ ಹೆಂಡತಿ ಶಿವಗಂಗವ್ವ, "ನಾ ತವರಿಗೆ ಹೋದಾಗರ ಹಿಂಗ ಒಂದಿನ ನೆನಕೊಂತ ಬಂದಿದ್ರೇನ್ರೀ?" ಎಂದು ಕೇಳುತ್ತಿದ್ದಳು.

"ರಾತ್ರಿ ಬಾಳ ಹೊಡೀತಲ್ಲೋ ಈಶಪ್ಪಾ" ಎಂದು ಯಾರಾದರೂ ದಾರಿಯಲ್ಲಿ ಮಾತಿಗೆ ಎಳೆದರೆ, "ಬಾಳ ಅಲ್ಲ. ಹದಿನೆಂಟು ಪಾಯಿಂಟ್ ನಾಕು" ಎನ್ನುತ್ತಿದ್ದ. ಕೇಳಿದವನ ಗದ್ದೆಗೆ ಅದರಿಂದ ಏನೂ ಉಪಯೋಗವಿಲ್ಲ, ಆದರೂ ಅವನು ತಲೆಯಾಡಿಸಿ ಮುಂದೆ ಹೋಗುತ್ತಿದ್ದ. ಹದಿನೆಂಟು ಪಾಯಿಂಟ್ ನಾಲ್ಕನ್ನು ಹದಿನೆಂಟೂವರೆ ಎನ್ನಲು ಈಶಪ್ಪನನ್ನು ಯಾರಿಂದಲೂ ಒಪ್ಪಿಸಲು ಸಾಧ್ಯವಿರಲಿಲ್ಲ. ಊರವರು ಅವನನ್ನು ಮಳಿ ಈಶಪ್ಪ ಎಂದು ಕರೆದರು. ಅರ್ಧ ಚೇಷ್ಟೆಗೆ ಕರೆದದ್ದನ್ನು ಅವನು ಪೂರಾ ಮರ್ಯಾದೆಯೆಂದೇ ಇಟ್ಟುಕೊಂಡ.

ಇಷ್ಟೆಲ್ಲ ನೇಮದವನಾದರೂ ಸೋಮವಾರ ಅವನು ಬೀಗ ತೆಗೆಯುತ್ತಿರಲಿಲ್ಲ.

ಸೋಮವಾರ ಬಸವಣ್ಣನ ವಾರ. ಆ ಸೀಮೆಯಲ್ಲಿ ಅವತ್ತು ಯಾರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ ಬಿಡುತ್ತಾರೆ. ಮಳಿ ಡಬ್ಬಿ ಬಂದ ಮೊದಲ ಸೋಮವಾರ ಈಶಪ್ಪ ಬೇಲಿಯವರೆಗೆ ಹೋಗಿ, ಬೀಗಕ್ಕೆ ಕೈಹಾಕಿ, ಯೋಚಿಸಿದ. ಬಿಸಿಲು ಮಳೆ ಎನ್ನದೆ ಬಯಲಲ್ಲಿ ನಿಂತು ದುಡಿಯುವುದು ಎತ್ತು ಒಂದೇ ಅಲ್ಲವಲ್ಲ, ಈ ಡಬ್ಬಿಯೂ ದುಡಿಯುತ್ತದೆ. ಆರು ದಿನ ದುಡಿಸಿಕೊಂಡವನು ಒಂದು ದಿನ ಅದನ್ನು ಅದರ ಪಾಡಿಗೆ ಬಿಡಬೇಕು. ಆಲಿಕೆಯ ಅಂಚಿಗೆ ವಿಭೂತಿ ಹಚ್ಚಿ, ಕೈಮುಗಿದು ಮನೆಗೆ ಬಂದ. ಆ ದಿನದ ನೀರು ಒಳಗೇ ಇತ್ತು. ಮಂಗಳವಾರ ಎರಡೂ ದಿನದ್ದನ್ನು ಕೂಡಿಯೇ ಅಳೆದ. ಒಂದು ಹನಿಯೂ ಚೆಲ್ಲಲಿಲ್ಲವಾದ್ದರಿಂದ ಇದರಲ್ಲಿ ತಪ್ಪೇನಾದರೂ ಇರಬಹುದೆಂದು ಅವನಿಗೆ ಹೊಳೆಯಲೂ ಇಲ್ಲ.

ಮೊದಲ ತಿಂಗಳ ಹಾಳೆಯಲ್ಲಿ ಸೋಮವಾರದ ಮನೆಗಳನ್ನು ಖಾಲಿ ಬಿಟ್ಟಿದ್ದ. ಹಾಳೆ ಹಿಂದಕ್ಕೆ ಬಂತು. ಯಾವ ಮನೆಯೂ ಖಾಲಿ ಇರಕೂಡದೆಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಈಶಪ್ಪ ಅರ್ಧ ದಿನ ಕೂತು ವಿಚಾರ ಮಾಡಿದ. ಸೋಮವಾರ ತಾನು ಅಳೆದದ್ದೆಷ್ಟು? ಏನೂ ಇಲ್ಲ. ಏನೂ ಇಲ್ಲದ್ದಕ್ಕೆ ಶಾಲೆಯಲ್ಲಿ ಕಲಿಸಿದ್ದು ಸೊನ್ನೆ. ದುಂಡಗೆ ಸೊನ್ನೆ ಬರೆದು ಕಳಿಸಿದ. ಆಮೇಲೆ ಆರು ಮಳೆಗಾಲ ಕಳೆದರೂ ಹಾಳೆ ಹಿಂದಕ್ಕೆ ಬರಲಿಲ್ಲ.

ಹಾಳೆ ಹಿಂದಕ್ಕೆ ಬರದೆ ಮುಂದಕ್ಕೆ ಹೋಗಿತ್ತು. ಆ ಹೊತ್ತಿಗೆ ಹತ್ತಾರು ದೇಶಗಳು ಸೇರಿ ನಮ್ಮ ಸಮುದ್ರವನ್ನೂ ಮಳೆಗಾಳಿಯನ್ನೂ ಅಭ್ಯಾಸ ಮಾಡುವ ದೊಡ್ಡ ಕೆಲಸ ಹಿಡಿದಿದ್ದವು. ಕಾರವಾರದ ಕಡೆಯಿಂದ ಎದ್ದು ಜೋಯಿಡಾ ಕಾಡಿನ ಮೇಲೆ ಹಾಯ್ದು ಹಳಿಯಾಳದ ಬಯಲಿಗೆ ಬರುವಷ್ಟರಲ್ಲಿ ಮಳೆ ಎಷ್ಟು ಸೊರಗುತ್ತದೆ ಎಂಬುದು ಅದರಲ್ಲಿ ಒಂದು ಸಣ್ಣ ಪ್ರಶ್ನೆ. ಅದನ್ನು ಹಿಡಿದು ಕೂತವನು ಮೇಲಿನ ಕಚೇರಿಯ ಚನಬಸಪ್ಪ. ಧಾರವಾಡದ ಹತ್ತಿರದ ಒಂದು ಒಕ್ಕಲು ಮನೆಯಲ್ಲಿ ಹುಟ್ಟಿ, ಓದಿ ವಿಜ್ಞಾನಿಯಾದವನು. ತೇರಗಾಂವದ ಹಾಳೆಗಳನ್ನು ನೋಡುತ್ತ ನೋಡುತ್ತ ಅವನಿಗೆ ಕುರ್ಚಿಯಲ್ಲಿ ಕೂತಿರಲು ಆಗಲಿಲ್ಲ. ಐದು ವರ್ಷ, ಒಂದು ದಿನವೂ ತಪ್ಪದ ಅಂಕಿಗಳು. ಅವುಗಳ ಪ್ರಕಾರ ತೇರಗಾಂವದಲ್ಲಿ ಸೋಮವಾರ ಮಳೆಯೇ ಇಲ್ಲ. ಮಂಗಳವಾರ ಎರಡರಷ್ಟು ಮಳೆ! ಮಳೆಗಾಳಿಗೆ ಏಳು ದಿನದ ಒಂದು ಉಸಿರಾಟವಿದೆ, ಘಟ್ಟದ ಅಂಚಿನ ಈ ಒಂದು ಜಾಗದಲ್ಲಿ ಅದು ಕಾಣುತ್ತಿದೆ ಎಂದು ಹದಿನೆಂಟು ಪುಟದ ಪ್ರಬಂಧ ಬರೆದು ಹೊರದೇಶಗಳಿಗೆ ಕಳಿಸಿದ.

ಮಳೆ ಅಳೆಯುವವನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಸೊನ್ನೆ ಭಾನುವಾರ ಬಿದ್ದಿದ್ದರೆ ಹೊರದೇಶದವರು ಆ ಕ್ಷಣವೇ ಹಿಡಿಯುತ್ತಿದ್ದರು, ಏಕೆಂದರೆ ಅವರೆಲ್ಲರಿಗೂ ರಜೆ ಭಾನುವಾರ. ಸೋಮವಾರ ಬೆಳಗ್ಗೆ ಕೆಲಸಕ್ಕೆ ಬಾರದ ಮನುಷ್ಯ ಅವರ ಊಹೆಗೆ ಸಿಗಲಿಲ್ಲ. ಅಮೆರಿಕದ ವೀಲರ್ ಎಂಬ ವಿಜ್ಞಾನಿ, ಇದು ರಷ್ಯಾದವರು ಆಕಾಶದಲ್ಲಿ ಏನೋ ನಡೆಸಿರುವ ಪರೀಕ್ಷೆಯ ಫಲವಿರಬೇಕೆಂದು ಬರೆದ. ರಷ್ಯಾದ ಲುಕಾಶಿನ್ ಎಂಬವನು, ಅಮೆರಿಕದವರು ವಾರಕ್ಕೊಮ್ಮೆ ಮೋಡಕ್ಕೆ ಏನೋ ಎರಚುತ್ತಿರಬೇಕೆಂದು ಬರೆದ. ಕಾಗದಗಳು ಖಾರವಾದವು. ಒಟ್ಟಿಗೆ ಹಿಡಿದಿದ್ದ ಕೆಲಸವನ್ನೇ ಒಬ್ಬರು ಬಿಟ್ಟು ಹೋಗುವ ಮಾತು ಬಂತು. ಆಗ ಚನಬಸಪ್ಪ, ಇಬ್ಬರೂ ಒಟ್ಟಿಗೆ ಬಂದು ಕಣ್ಣಾರೆ ನೋಡಿರಿ ಎಂದು ಸೂಚಿಸಿದ. ಎರಡು ರಾಯಭಾರ ಕಚೇರಿಗಳೂ ದಿಲ್ಲಿಯೂ ಎಂಟು ತಿಂಗಳು ಪತ್ರ ಬರೆದುಕೊಂಡು, ಜೀಪಿನಲ್ಲಿ ಯಾರು ಎಲ್ಲಿ ಕೂರಬೇಕೆಂಬುದನ್ನೂ ತೀರ್ಮಾನಿಸಿ, ಅಪ್ಪಣೆ ಕೊಟ್ಟವು.

ಅರವತ್ಮೂರರ ಜುಲೈ ತಿಂಗಳ ಒಂದು ಭಾನುವಾರ ಸಂಜೆ ಜೀಪು ತೇರಗಾಂವಕ್ಕೆ ಬಂತು. ಹಿಂದಿನ ಸೀಟಿನಲ್ಲಿ ಲುಕಾಶಿನ್ ಎಡಕ್ಕೆ, ವೀಲರ್ ಬಲಕ್ಕೆ, ನಡುವೆ ಉಸಿರು ಹಿಡಿದುಕೊಂಡು ಚನಬಸಪ್ಪ. ನಮ್ಮ ದೇಶ ಆಗ ಜಗತ್ತಿನಲ್ಲಿ ಕೂತಿದ್ದೂ ಹೆಚ್ಚುಕಡಿಮೆ ಹಾಗೆಯೇ. ಲುಕಾಶಿನ್ ಗಿಡ್ಡ, ಅಗಲ ಎದೆಯವನು. ವೀಲರ್ ಎಷ್ಟು ಎತ್ತರವೆಂದರೆ ಯಾರ ಮನೆಯ ಬಾಗಿಲಿಗೂ ನಮಸ್ಕಾರ ಮಾಡಿಯೇ ಒಳಗೆ ಬರಬೇಕು. ಇಬ್ಬರೂ ಚನಬಸಪ್ಪನ ಜೊತೆ ಮಾತಾಡುತ್ತಿದ್ದರು, ಒಬ್ಬರೊಡನೊಬ್ಬರು ಆಡುತ್ತಿರಲಿಲ್ಲ. ಮಳೆ ಶುರುವಾದಾಗ ಒಂದೇ ಕೊಡೆ ಇತ್ತು; ಇಬ್ಬರೂ ನೆನೆದರು, ಕೊಡೆ ಚನಬಸಪ್ಪನ ಪಾಲಾಯಿತು.

ಊರಿಗೆ ಊರೇ ಬೇಲಿಯ ಸುತ್ತ ನೆರೆದಿತ್ತು. ಈಶಪ್ಪ ಒಗೆದ ಧೋತರ, ಹೊಸ ರುಮಾಲಿನಲ್ಲಿ ನಿಂತು ಬೀಗ ತೆಗೆದು ತೋರಿಸಿದ, ಹಾಳೆಗಳ ನಕಲು ತೋರಿಸಿದ. ಲುಕಾಶಿನ್ ಅವನ ದುಂಡು ಅಂಕಿಗಳ ಮೇಲೆ ಬೆರಳಾಡಿಸಿ ಏನೋ ಹೊಗಳಿದ. ವೀಲರ್ ಕೈಕುಲುಕಿದ. ತನ್ನ ಅಳತೆ ಸಮುದ್ರ ದಾಟಿ ಹೋಗಿ ಇಬ್ಬರು ದೊಡ್ಡವರನ್ನು ಇಲ್ಲಿಯವರೆಗೆ ಎಳೆದು ತಂದಿದೆ ಎಂದು ಈಶಪ್ಪನ ಎದೆ ತುಂಬಿ ಬಂತು. ಏತಕ್ಕೆ ಬಂದರು ಎಂದು ಮಾತ್ರ ಅವನು ಕೇಳಲಿಲ್ಲ. ನಾಳೆ ಎಂಟೂವರೆಗೆ ಬರುತ್ತೇವೆಂದು ಚನಬಸಪ್ಪ ಹೇಳಿದಾಗ, ಬೆಳಗಿನ ಫಲಾರಕ್ಕೆ ಮನೆಗೆ ಬರುತ್ತಾರೆಂದೇ ತಿಳಿದು ಒಪ್ಪಿಕೊಂಡ.

ಸೋಮವಾರ ಬೆಳಗ್ಗೆ ಮಳೆ ಸುರಿಯುತ್ತಲೇ ಇತ್ತು. ಮೂವರೂ ಹಳಿಯಾಳದ ಬಂಗಲೆಯಿಂದ ಬಂದು ಬೇಲಿಯ ಹತ್ತಿರ ನಿಂತರು. ಎಂಟೂವರೆ ಆಯಿತು, ಒಂಬತ್ತಾಯಿತು. ಆರು ವರ್ಷ ಒಂದು ದಿನವೂ ತಪ್ಪದವನು ಬರಲಿಲ್ಲ. ಏನಾದರೂ ಕೆಟ್ಟದ್ದಾಯಿತೋ ಎಂದು ಗಾಬರಿಯಿಂದ ಮನೆಗೆ ಬಂದು ನೋಡಿದರೆ, ಈಶಪ್ಪ ಹಿತ್ತಿಲ ಚಪ್ಪರದಡಿ ಎತ್ತಿನ ಹಣೆಗೆ ವಿಭೂತಿ ಹಚ್ಚುತ್ತಿದ್ದ.

"ಬರ್ರಿ ಸಾಹೇಬ್ರ, ಬರ್ರಿ. ರೊಟ್ಟಿ ಆಗ್ಯಾವು" ಎಂದ.

"ಡಬ್ಬಿ ನೋಡಾಕ ಬರಲಿಲ್ಲಲ್ಲ, ಈಶಪ್ಪನವರ?"

"ಇವತ್ತ ಸೋಮಾರ ಅಲ್ರೀ."

ಚನಬಸಪ್ಪ ಏನೋ ಕೇಳಲು ಬಾಯಿ ತೆರೆದವನು ಎತ್ತನ್ನು ನೋಡಿದ. ಹಣೆಯ ವಿಭೂತಿ ನೋಡಿದ. ಮೂಲೆಯಲ್ಲಿ ಒರಗಿಸಿಟ್ಟ ನೊಗ ನೋಡಿದ. ಆಮೇಲೆ ಹಿತ್ತಿಲಿಗೆ ತೆರೆದ ಪಡಸಾಲೆಯ ಕಂಬ ಹಿಡಿದುಕೊಂಡು ಮೆಲ್ಲಗೆ ಕೂತ. ಹದಿನೆಂಟು ಪುಟಗಳೂ ಅವನ ಕಣ್ಣ ಮುಂದೆ ತೊಯ್ದು ಹೋದವು.

"ಸೋಮಾರ ಮಳಿ ಬರೂದಿಲ್ಲ ಅನ್ನೂದನ್ನ ನೋಡಾಕ ಇವರಿಬ್ಬರು ಏಳು ಸಮುದ್ರ ದಾಟಿ ಬಂದಾರ್ರೀ" ಎಂದ, ದನಿಯೇ ಇಲ್ಲದೆ.

"ಸೋಮಾರ ಯಾಕ ಬರೂದಿಲ್ರೀ? ನೋಡ್ರಿ, ಹೊಡ್ಯಾಕತ್ತೈತಿ. ಯಾರ ಹೇಳಿದ್ರು ಹಂಗಂತ?"

"ನೀವ."

ಈಶಪ್ಪ ನಕ್ಕ. ಚನಬಸಪ್ಪ ನಗದೆ ಚೀಲದಿಂದ ಹಾಳೆಗಳನ್ನು ತೆಗೆದು ಚಾಪೆಯ ಮೇಲೆ ಹರಡಿದ. ಮೇಲಿನಿಂದ ಕೆಳಗಿನವರೆಗೆ ಸೊನ್ನೆಗಳ ಸಾಲು. ವಾರಕ್ಕೊಂದರಂತೆ ಬರೆದಾಗ ಕಾಣದಿದ್ದದ್ದು, ಆರು ವರ್ಷದ್ದು ಒಟ್ಟಿಗೆ ಹರಡಿದಾಗ ಕಂಡಿತು. ಅದನ್ನು ಓದಿದ ಯಾರಾದರೂ ಸೋಮವಾರ ಮಳೆ ಇಲ್ಲವೆಂದೇ ತಿಳಿಯಬೇಕು. ಹದಿನೆಂಟು ಪಾಯಿಂಟ್ ನಾಲ್ಕನ್ನು ಹದಿನೆಂಟೂವರೆ ಮಾಡದವನು ಇಷ್ಟು ಸುಳ್ಳನ್ನು ತನ್ನ ಕೈಯಾರೆ ದುಂಡಗೆ ಬರೆದಿದ್ದ. ಈಶಪ್ಪನಿಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು.

ವಿದೇಶದವರಿಬ್ಬರೂ ಏನಾಯಿತೆಂದು ಚನಬಸಪ್ಪನ ಮುಖ ನೋಡುತ್ತಿದ್ದರು. ಅವನು ಬಗ್ಗಿ, ಈಶಪ್ಪನಿಗೊಬ್ಬನಿಗೇ ಕೇಳುವಂತೆ ಹೇಳಿದ: "ಡಬ್ಬಿ ಸೋರತಿತ್ತು ಅಂತ ಹೇಳೂಣು. ಖರೇ ಹೇಳಿದ್ರ ಡಬ್ಬಿ ನಿಮ್ಮ ಕೈಯಾಗ ಉಳ್ಯೂದಿಲ್ಲ. ಬ್ಯಾರೆಯವರಿಗೆ ಕೊಡತಾರ. ನನ್ನ ಹೆಸರೂ ಹೋಗತೈತಿ. ಇವರಿಗೇನು ಕನ್ನಡ ತಿಳ್ಯೂದಿಲ್ಲ."

ಬಹಳ ಸುಲಭದ ದಾರಿ. ಈಶಪ್ಪ ಬಾಗಿಲಾಚೆ ಬಯಲಿನ ಕಡೆ ನೋಡಿದ. ಮಳೆಯಲ್ಲಿ ಡಬ್ಬಿ ಕಾಣುತ್ತಿರಲಿಲ್ಲ, ಬೇಲಿಯ ಕಂಬ ಮಾತ್ರ ಕಂಡಿತು. ಅದು ಹೋದರೆ ತಾನು ಮತ್ತೆ ಬರೀ ಈಶಪ್ಪ. ನಾಳೆ ಬೆಳಗ್ಗೆ ಎಂಟೂವರೆಗೆ ಎಲ್ಲಿ ನಿಲ್ಲುವುದು ಎಂದೂ ಗೊತ್ತಿಲ್ಲ.

"ಆರು ವರ್ಷ ಒಂದ ಹನಿ ಸೋರಿಲ್ರೀ ಅದು" ಎಂದ. "ಪಾಪ, ಅದರ ಮ್ಯಾಲ ಹೆಂಗ ಹಾಕೂದ್ರಿ? ತಪ್ಪು ನಂದು. ಹಂಗ ಹೇಳ್ರಿ ಅವರಿಗೆ."

ಚನಬಸಪ್ಪ ಇಂಗ್ಲಿಷಿನಲ್ಲಿ ಹೇಳತೊಡಗಿದ. ಈಶಪ್ಪನಿಗೆ ಭಾಷೆ ತಿಳಿಯದು, ಹೇಳುವವನ ಮುಖ ತಿಳಿಯುತ್ತಿತ್ತು. ನಡುವೆ ಚನಬಸಪ್ಪ ಎತ್ತಿನ ಕಡೆ ಕೈ ತೋರಿಸಿದ, ನೊಗದ ಕಡೆ ತೋರಿಸಿದ, ಕೊನೆಗೆ ತನ್ನ ಎದೆಯನ್ನೇ ಮುಟ್ಟಿಕೊಂಡ. ಹೇಳಿ ಮುಗಿಸಿದಾಗ ಬೆವರಿದ್ದ.

"ಹೇಳಿದ್ರೇನ್ರೀ?"

"ಎಲ್ಲಾ ಹೇಳಿದೆ."

ಆಮೇಲೆ ವೀಲರ್ ಲುಕಾಶಿನ್‌ನ ಕಡೆ ತಿರುಗಿ, ಆ ಪ್ರಯಾಣದಲ್ಲಿ ಮೊದಲ ಸಲ, ನೇರವಾಗಿ ಏನೋ ಕೇಳಿದ. ಲುಕಾಶಿನ್ ಉತ್ತರ ಕೊಡುವ ಬದಲು ಪೆನ್ಸಿಲ್ ತೆಗೆದು ಚಾಪೆಯ ಮೇಲೆ ಕೂತ. ವೀಲರ್ ತನ್ನ ಉದ್ದ ಕಾಲುಗಳನ್ನು ಎರಡು ಮೂರು ಸಲ ಮಡಚಲು ನೋಡಿ, ಆಗದೆ, ಹಾಗೇ ಚಾಚಿಕೊಂಡು ಪಕ್ಕದಲ್ಲಿ ಕೂತ. ಆಕಾಶದಲ್ಲಿ ಇಬ್ಬರೂ ಏನೂ ಮಾಡುತ್ತಿರಲಿಲ್ಲ ಎಂದು ಗೊತ್ತಾದ ಮೇಲೆ ಜಗಳಕ್ಕೆ ಕಾರಣವೇ ಉಳಿದಿರಲಿಲ್ಲ. ಮಂಗಳವಾರದ ಅಂಕಿಗಳಲ್ಲಿ ಎರಡು ದಿನದ ಮಳೆ ಇದೆ, ಒಟ್ಟು ಲೆಕ್ಕದಲ್ಲಿ ಒಂದು ಹನಿಯೂ ಕಳೆದಿಲ್ಲ ಎಂದು ಅವರು ತಾಸು ಹೊತ್ತಿನಲ್ಲಿ ಕಂಡುಕೊಂಡರು. ಶಿವಗಂಗವ್ವ ರೊಟ್ಟಿ, ಝುಣಕ, ಖಾರದ ಶೇಂಗಾ ಹಿಂಡಿ, ಮೊಸರು ತಂದಿಟ್ಟಳು. ಹಿಂಡಿ ಬಾಯಿಗಿಟ್ಟ ವೀಲರ್ ಕಣ್ಣೀರು ಸುರಿಸತೊಡಗಿದಾಗ, ಲುಕಾಶಿನ್ ತನ್ನ ತಾಟಿನ ಮೊಸರನ್ನು ಅವನ ತಾಟಿಗೆ ಸುರಿದ. ಎಂಟು ತಿಂಗಳ ಪತ್ರಗಳಲ್ಲಿ ಇಷ್ಟು ಕೆಲಸ ಆಗಿರಲಿಲ್ಲ.

ಅಷ್ಟಾದ ಮೇಲೆ ಬಂತು ನಿಜವಾದ ಪ್ರಶ್ನೆ. ಇನ್ನು ಮುಂದೆ ಸೋಮವಾರವೂ ಅಳೆಯುತ್ತಾನೋ ಎಂದು ಕೇಳು ಎಂದರು. ಚನಬಸಪ್ಪ ಕೇಳಿದ. ಈಶಪ್ಪ ಉಡದಾರದಿಂದ ಬೀಗದ ಕೈ ಬಿಚ್ಚಿ ಚಾಪೆಯ ಮೇಲಿಟ್ಟ.

"ಬಸವಣ್ಣನ ವಾರ ದುಡಸೂದು ನನ್ನಿಂದ ಆಗೂದಿಲ್ರೀ. ಬ್ಯಾರೆಯವರಿಗೆ ಕೊಡ್ರಿ" ಎಂದ.

ಹಾಲಿನ ಚರಿಗೆ ಹಿಡಿದು ಹಿತ್ತಿಲಿಂದ ಬರುತ್ತಿದ್ದ ಶಿವಗಂಗವ್ವ ಬಾಗಿಲಲ್ಲೇ ನಿಂತಳು. "ಏನ್ರೀ, ಎಮ್ಮಿ ಹಿಂಡಿ ಬಂದೆ ನಾನು. ಇವತ್ತ ಯಾ ವಾರ?"

"ಸೋಮಾರ."

"ನೊಗಾ ಇಡೂದಿಲ್ಲ, ಖರೇ. ಹಂಗಂತ ಎಮ್ಮಿ ಹಿಂಡೂದು ಬಿಡ್ತೇವೇನು? ಬಿಟ್ರ ಅದರ ಕೆಚ್ಚಲ ಬಾತು ಒದ್ದಾಡತೈತಿ. ನಿಮ್ಮ ಡಬ್ಬಿ ಯಾವತ್ತ ನೇಗಲಾ ಎಳದೈತ್ರೀ? ನಿಂತಲ್ಲೇ ನಿಂತು ತುಂಬಕೊಂಡು ಕೊಡತೈತಿ. ಆರು ವರ್ಷ ಸೋಮಾರಕ್ಕೊಮ್ಮೆ ಹಿಂಡದ ಹಂಗ ಬಿಟ್ಟು, ಮ್ಯಾಲ ಬಸವಣ್ಣನ ಹೆಸರು ಹೇಳ್ತೀರಿ."

ಈಶಪ್ಪ ಹೆಂಡತಿಯನ್ನು ನೋಡಿದ, ಚರಿಗೆಯ ನೊರೆಹಾಲು ನೋಡಿದ. ಚಾಪೆಯ ಮೇಲಿನ ಬೀಗದ ಕೈ ತೆಗೆದುಕೊಂಡು, ಕೊಡೆ ಬಿಟ್ಟು, ಮಳೆಯಲ್ಲಿ ಬಯಲಿಗೆ ಓಡಿದ. ಹಿಂದೆ ಮೂವರು ವಿಜ್ಞಾನಿಗಳೂ ಓಡಿದರು. ಮೂವತ್ತೊಂದು ಪಾಯಿಂಟ್ ಎರಡು. ತಡವಾಗಿ ಅಳೆದದ್ದೆಂದು ಪಕ್ಕದಲ್ಲಿ ವೇಳೆಯನ್ನೂ ಬರೆದ. ಆ ದಿನ ಇಬ್ಬರು ವಿದೇಶಿಯರೂ ಸಹಿ ಹಾಕಿದ ವರದಿಯ ಮೊದಲ ವಾಕ್ಯ, ತೇರಗಾಂವದಲ್ಲಿ ಸೋಮವಾರವೂ ಮಳೆ ಬರುತ್ತದೆ ಎಂದಿತ್ತು. ಆ ವರ್ಷ ಆ ಎರಡು ದೇಶದವರು ಒಂದಕ್ಷರವೂ ತಿದ್ದದೆ ಒಪ್ಪಿದ ಮಾತು ಬಹುಶಃ ಅದೊಂದೇ.

ಇಲ್ಲಿಗೆ ಎಲ್ಲ ಸುಖವಾಗಬೇಕಿತ್ತು. ಆದರೆ ಮೇಲಿನ ಕಚೇರಿಗೆ ಹೊರದೇಶದವರ ಎದುರು ತಲೆತಗ್ಗಿಸುವಂತಾದದ್ದು ಸಹನೆಯಾಗಲಿಲ್ಲ. ಹತ್ತೇ ದಿನದಲ್ಲಿ ಒಬ್ಬ ಗುಮಾಸ್ತ ಬಂದು ಈಶಪ್ಪನಿಂದ ಬೀಗದ ಕೈ ಇಸಿದುಕೊಂಡು ಹೋದ. ಬೇರೊಬ್ಬರನ್ನು ಗೊತ್ತುಮಾಡುವವರೆಗೆ ಡಬ್ಬಿ ಹಾಗೇ ಇರಲಿ ಎಂದ. ಆಗಸ್ಟ್ ಪೂರ್ತಿ ಮಳೆ ಹೊಡೆಯಿತು. ಈಶಪ್ಪ ಎಂಟೂವರೆಗೆ ಬಯಲಿಗೆ ಹೋಗಿ ಬೇಲಿಯ ಹೊರಗೆ ನಿಲ್ಲುತ್ತಿದ್ದ. ಒಳಗೆ ಪಾತ್ರೆ ತುಂಬಿ ಹೊರಚೆಲ್ಲುತ್ತಿತ್ತು. ಆ ನೀರು ಯಾರ ಹಾಳೆಗೂ ಸೇರದೆ ನೆಲಕ್ಕೆ ಹೋಗುವುದನ್ನು ನೋಡಿ ಅವನಿಗೆ ಅಳು ಬರುತ್ತಿತ್ತು. "ಎಷ್ಟ ಬಿತ್ತೋ?" ಎಂದು ಊರವರೂ ಕೇಳುವುದನ್ನು ಬಿಟ್ಟರು. ಅದು ಅವರ ದೊಡ್ಡತನ.

ಸೆಪ್ಟೆಂಬರ್ ನಡುವೆ ಚನಬಸಪ್ಪ ಒಬ್ಬನೇ ಬಸ್ಸಿನಲ್ಲಿ ಬಂದ. ಕಿಸೆಯಿಂದ ಬೀಗದ ಕೈ ತೆಗೆದು ಈಶಪ್ಪನ ಅಂಗೈಯಲ್ಲಿಟ್ಟ. ವೀಲರ್ ಮತ್ತು ಲುಕಾಶಿನ್ ತಂತಮ್ಮ ಊರಿಗೆ ಹೋಗಿ, ತಂತಮ್ಮ ರಾಯಭಾರ ಕಚೇರಿಯ ಮೂಲಕ ಒಂದೇ ಮಾತಿನ ಎರಡು ಪತ್ರ ಬರೆಸಿದ್ದರು. ಮುಂದಿನ ಮೂರು ವರ್ಷದ ಜಂಟಿ ಕೆಲಸಕ್ಕೆ ತೇರಗಾಂವದ ಅಳತೆ ಬೇಕು, ಅಳೆಯುವವನು ಅವನೇ ಇರಬೇಕು. ತನ್ನ ತಪ್ಪನ್ನು ತಾನೇ ಹೇಳುವವನ ಅಂಕಿಯನ್ನು ಇಬ್ಬರೂ ನಂಬುತ್ತೇವೆ ಎಂದು. ಒಂದೇ ಕಡೆಯಿಂದ ಬಂದಿದ್ದರೆ ದಿಲ್ಲಿ ನೆಪ ಹೇಳುತ್ತಿತ್ತು. ಎರಡೂ ಕಡೆಯಿಂದ ಬಂದದ್ದಕ್ಕೆ ಇಲ್ಲವೆನ್ನಲು ಯಾರಿಗೂ ಧೈರ್ಯ ಬರಲಿಲ್ಲ.

"ನಿಮ್ಮ ಪ್ರಬಂಧ ಏನಾತ್ರೀ?" ಎಂದು ಈಶಪ್ಪ ಕೇಳಿದ.

"ವಾಪಸ್ ತಗೊಂಡೆ." ಚನಬಸಪ್ಪ ಎತ್ತುಗಳ ಕಡೆ ನೋಡುತ್ತ ಹೇಳಿದ. "ನಮ್ಮ ಮನ್ಯಾಗೂ ಸೋಮಾರ ಎತ್ತು ಹೂಡತಿರಲಿಲ್ಲ, ಈಶಪ್ಪನವರ. ವರ್ಷಗಟ್ಟಲೆ ಆ ಸೊನ್ನಿ ನೋಡಿದೆ. ಗಾಳಿ ನೆನಪಾತು, ಸಮುದ್ರ ನೆನಪಾತು. ನಮ್ಮಪ್ಪ ನೆನಪಾಗಲಿಲ್ಲ."

ಈಶಪ್ಪ ಅವನನ್ನು ಊಟಕ್ಕೆ ಕರೆದು ಕೂರಿಸಿದ. ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿಸಿದ.

ಮುಂದಿನ ಸೋಮವಾರ ಆಕಾಶ ತೊಳೆದಿಟ್ಟಂತೆ ಇತ್ತು. ಹಿಂದಿನ ದಿನವೆಲ್ಲ ಬಿಸಿಲು, ರಾತ್ರಿಯೂ ಒಂದು ಹನಿ ಇಲ್ಲ. ಎಂಟೂವರೆಗೆ ಈಶಪ್ಪ ಬೀಗ ತೆಗೆದು ಪಾತ್ರೆ ಎತ್ತಿ ನೋಡಿದ. ಒಣಗಿತ್ತು. ಬಗ್ಗಿಸಿ ನೋಡಿದ, ಬೆರಳು ಹಾಕಿ ನೋಡಿದ. ಬರೆಯಬೇಕಾದದ್ದು ಸೊನ್ನೆ. ಪೆನ್ಸಿಲ್ ಹಿಡಿದವನಿಗೆ ಕೈ ಏಳಲಿಲ್ಲ. ಮನೆಯವರೆಗೂ ನಡೆದು ಬಂದು, ಒಲೆಯ ಮುಂದಿದ್ದ ಶಿವಗಂಗವ್ವನನ್ನು ಹಿಟ್ಟಿನ ಕೈಯಲ್ಲೇ ಬಯಲಿಗೆ ಕರೆದುಕೊಂಡು ಹೋದ. ಪಾತ್ರೆಯನ್ನು ಅವಳ ಮುಂದೆ ಹಿಡಿದು, "ನೋಡಿ ಹೇಳು, ಏನರ ಐತೇನು?" ಎಂದ.

ಅವಳು ನಗಲಿಲ್ಲ. ಪಾತ್ರೆಯೊಳಗೆ ಚೆನ್ನಾಗಿ ನೋಡಿ, "ಏನೂ ಇಲ್ರೀ. ಬರೀರಿ" ಎಂದಳು.

ಈಶಪ್ಪ ಬರೆದ.